ಮನೆಯಂಗಳದಲ್ಲಿ ಹಳೆಯ ಪದ್ಮಿನಿಗೆ ಬಣ್ಣ: ಹವ್ಯಾಸಿಗಳಿಗೆ ಒಂದು ಕೈಪಿಡಿ

ಹಳೆಯ ಕಾರೊಂದನ್ನು ಕೊಂಡು ರಜೆಯ ದಿನಗಳಲ್ಲಿ ತಾವೇ ಸರಿಪಡಿಸಿಕೊಳ್ಳುವ ಹುಚ್ಚಿರುವವರು ಬ್ರೇಕು, ವೈರಿಂಗು, ಕಾರ್ಬ್ಯುರೇಟರುಗಳಿಗೆಲ್ಲ ಧೈರ್ಯದಿಂದ ಕೈ ಹಾಕುತ್ತಾರೆ, ಆದರೆ ಬಣ್ಣದ ಮಾತು ಬಂದಕೂಡಲೇ ಹಿಂದೆ ಸರಿಯುತ್ತಾರೆ. ಅದಕ್ಕೆ ಕಾರಣವೂ ಇದೆ. ಎಂಜಿನ್ನಿನಲ್ಲಿ ಮಾಡಿದ ತಪ್ಪು ಬಾನೆಟ್ಟಿನ ಕೆಳಗೆ ಅಡಗಿರುತ್ತದೆ, ಬಣ್ಣದಲ್ಲಿ ಮಾಡಿದ ತಪ್ಪು ಓಣಿಗೆಲ್ಲ ಕಾಣುತ್ತದೆ. ಪುಣೆಯ ಚಿಂಚವಡದಲ್ಲಿ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನು 1989ರ ಪ್ರೀಮಿಯರ್ ಪದ್ಮಿನಿಯೊಂದಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗೆ, ಶನಿವಾರ ಭಾನುವಾರಗಳಂದು ಮಾತ್ರ ದುಡಿದು, ಪೂರ್ತಿ ಹೊಸ ಬಣ್ಣ ಕೊಟ್ಟೆ. ಆ ಕೆಲಸದಿಂದ ನಾನು ಕಂಡುಕೊಂಡದ್ದು ಇಷ್ಟು: ಪ್ರತಿಯೊಂದು ಹಂತದಲ್ಲಿಯೂ ಎರಡು ದಾರಿಗಳಿದ್ದರೆ, ತಪ್ಪಾದಾಗ ನಮ್ಮ ಕೈಯಿಂದಲೇ ತಿದ್ದಲು ಬರುವ ದಾರಿಯನ್ನು ಹಿಡಿಯಬೇಕು, ಅದು ನಿಧಾನವಾದರೂ ಚಿಂತೆಯಿಲ್ಲ.

ಈ ಕೆಲಸ ಕಲಿಯುವುದಕ್ಕೆ ಪದ್ಮಿನಿಯಂಥ ಕಾರು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಂಬೈಯ ಕುರ್ಲಾದ ಕಾರ್ಖಾನೆಯಲ್ಲಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಿಂದ ಶುರುವಾಗಿ, 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಈ ಗಾಡಿಯ ಮೈಯೆಲ್ಲ ಉಕ್ಕಿನ ತಗಡು. ಹಳೆಯ ಬಣ್ಣಗಳೂ ಕೆನೆ, ಬಿಳಿ, ತಿಳಿನೀಲಿಯಂಥ ಸಾದಾ ಬಣ್ಣಗಳೇ. ಇದಕ್ಕೆ ಕಂಟಕವೆಂದರೆ ತುಕ್ಕು. ಸಮುದ್ರದ ಗಾಳಿಯಲ್ಲಿ ಮೂವತ್ತು ವರ್ಷ ಕಳೆದ ಮುಂಬೈ ಅಥವಾ ಗೋವಾದ ಗಾಡಿಯನ್ನು ಕೊಂಡವರು, ಮೇಲೆ ಎಷ್ಟೇ ಹೊಳಪಿದ್ದರೂ ಕೆಳಗೆ ಮಲಗಿ ನೋಡದೆ ಬಣ್ಣದ ಲೆಕ್ಕ ಹಾಕಬಾರದು.

ಜಾಗ, ಕಾಲ, ಕಾಗದಪತ್ರ

ಸೊಸೈಟಿಯ ಪಾರ್ಕಿಂಗಿನಲ್ಲಿ ಈ ಕೆಲಸ ಮಾಡುವ ಯೋಚನೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಬಣ್ಣ ಹೊಡೆಯುವ ಸ್ಪ್ರೇ ಗನ್ನಿನಿಂದ ಹಾರಿದ ಧೂಳು ಪಕ್ಕದವರ ಕಾರಿನ ಗಾಜಿನ ಮೇಲೆ ಕೂರುತ್ತದೆ, ಬಣ್ಣ ತೆಳುವಾಗಿಸುವ ಥಿನ್ನರಿನ ವಾಸನೆ ಮೂರನೆಯ ಮಹಡಿಯವರೆಗೆ ಏರುತ್ತದೆ. ಉಜ್ಜುವುದು, ತಗ್ಗು ತುಂಬುವ ಪುಟ್ಟಿ ಹಚ್ಚುವುದು ಎಲ್ಲಿ ಬೇಕಾದರೂ ನಡೆದೀತು, ಗನ್ ಹಿಡಿಯುವ ನಾಲ್ಕಾರು ದಿನಗಳಿಗಾದರೂ ಊರ ಹೊರಗಿನ ಶೆಡ್ಡೋ ಪರಿಚಯದವರ ಗೋದಾಮೋ ಬೇಕು. ಸುತ್ತ ಬಿದಿರು ಕಟ್ಟಿ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟರೆ ಧೂಳು ತಡೆಯುತ್ತದೆ, ಆದರೆ ಎರಡು ಎದುರುಬದಿರು ಕಡೆಗಳಲ್ಲಿ ಗಾಳಿ ಆಡಲು ಸಂದು ಇರಲೇಬೇಕು. ಗನ್ನಿಗೆ ಗಾಳಿ ಒತ್ತುವ ಕಂಪ್ರೆಸರನ್ನು ಹೊರಗಿಟ್ಟು ಉದ್ದನೆಯ ಪೈಪನ್ನು ಮಾತ್ರ ಒಳಗೆ ತನ್ನಿ, ಏಕೆಂದರೆ ಅದರ ಮೋಟಾರಿನ ಒಂದು ಕಿಡಿ ಥಿನ್ನರಿನ ಆವಿಗೆ ಸಾಕು. ಮನೆಯ ಹಿರಿಯರು ಕೆಲಸ ಶುರುವಾಗುವ ಮುನ್ನ ಗಾಡಿಗೆ ಊದುಬತ್ತಿ ಬೆಳಗಬೇಕೆಂದರೆ, ಡಬ್ಬಿಗಳ ಮುಚ್ಚಳ ತೆಗೆಯುವ ಮೊದಲೇ, ಹೊರಗಿನ ಅಂಗಳದಲ್ಲಿ ಬೆಳಗಲಿ. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಒಂದು ಕೈಗೆಟುಕುವಂತಿರಲಿ.

ಪುಣೆಯಲ್ಲಿ ದೀಪಾವಳಿ ಮುಗಿದ ಮೇಲಿನಿಂದ ಶಿವರಾತ್ರಿಯವರೆಗಿನ ಒಣಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ಡಿಸೆಂಬರ್, ಜನವರಿಯ ಬೆಳಗಿನಲ್ಲಿ ತಗಡು ಮಂಜಿನಿಂದ ತಣ್ಣಗಿರುತ್ತದೆ. ಹಾಗಾಗಿ ಹತ್ತೂವರೆಯ ನಂತರ ಗನ್ ಹಿಡಿದು ಮೂರೂವರೆಯೊಳಗೆ ಇಳಿಸಿಬಿಡಬೇಕು. ಮುಂಬೈ, ಗೋವಾದವರಿಗೆ ಸಿಗುವ ಕಾಲ ಇನ್ನೂ ಚಿಕ್ಕದು, ಅವರು ಚಳಿಗಾಲದ ನಡುಹಗಲನ್ನೇ ನಂಬಬೇಕು. ಮಳೆಗಾಲದಲ್ಲಿ ಎಲ್ಲಿಯೂ ಬೇಡ.

ಮೂಲ ಬಣ್ಣವನ್ನೇ ಮತ್ತೆ ಕೊಡುವವರಿಗೆ ಕಾಗದಪತ್ರದ ತೊಂದರೆಯಿಲ್ಲ. ಬೇರೆ ಬಣ್ಣ ಕೊಡುವವರು, ಆರ್‌ಸಿಯಲ್ಲಿ ಗಾಡಿಯ ಬಣ್ಣ ದಾಖಲಾಗಿರುವುದನ್ನೂ, ಹದಿನೈದು ವರ್ಷ ದಾಟಿದ ಗಾಡಿಯನ್ನು ನೋಂದಣಿಯ ನವೀಕರಣಕ್ಕಾಗಿ ಪರಿಶೀಲನೆಗೆ ಒಯ್ಯಬೇಕಾಗುವುದನ್ನೂ ನೆನಪಿಟ್ಟು, ಬಣ್ಣ ಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಹಳೆಯ ಜೀಪು ಎತ್ತಿಕೊಂಡವರಿಗೆ ಸೇನೆಯ ಹಸಿರು ಬಣ್ಣದ ಮೋಹ ಬರುವುದುಂಟು, ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು.

ಯಾವ ಬಣ್ಣ

ಇಂದು ಗ್ಯಾರೇಜುಗಳಲ್ಲಿ ಹೆಚ್ಚಾಗಿ ಹೊಡೆಯುವುದು 2ಕೆ ಪಿಯು, ಅಂದರೆ ಎರಡು ಭಾಗಗಳನ್ನು ಬೆರೆಸುವ ಪಾಲಿಯುರಿಥೇನ್ ಬಣ್ಣ. ಬಣ್ಣಕ್ಕೆ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿದೊಡನೆ ರಾಸಾಯನಿಕ ಕ್ರಿಯೆ ಶುರುವಾಗಿ, ಒಣಗಿದ ಮೇಲೆ ಥಿನ್ನರಿಗೂ ಕರಗದಷ್ಟು ಗಟ್ಟಿಯಾಗುತ್ತದೆ. ಹೊಳಪೂ ಬಾಳಿಕೆಯೂ ಅದರದ್ದೇ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೂ ಮನೆಯಲ್ಲಿ ಅದನ್ನು ಹೊಡೆಯಬೇಡಿ ಎಂದೇ ನಾನು ಹೇಳುತ್ತೇನೆ. ಆ ಹಾರ್ಡನರಿನಲ್ಲಿರುವ ಐಸೊಸೈನೇಟ್ ಉಸಿರಿನೊಂದಿಗೆ ಒಳಹೊಕ್ಕರೆ ಅಸ್ತಮಾ ಹಿಡಿಯಬಹುದು, ಒಮ್ಮೆ ಮೈಗೆ ಒಗ್ಗದಂತಾದರೆ ಮುಂದೆ ತೀರ ಸ್ವಲ್ಪವೂ ತಡೆಯದು. ಮೂಗಿಗೆ ವಾಸನೆ ಬಡಿಯಲಿಲ್ಲ ಎಂದಮಾತ್ರಕ್ಕೆ ಗಾಳಿಯಲ್ಲಿ ಅದು ಇಲ್ಲವೆಂದಲ್ಲ. ಅದನ್ನು ಹೊಡೆಯುವವರಿಗೆ ಹೊರಗಿನ ಶುದ್ಧ ಗಾಳಿಯನ್ನು ಪೈಪಿನಿಂದ ತರುವ ಮುಖವಾಡ ಬೇಕು, ನಮ್ಮ ಶೆಡ್ಡಿನಲ್ಲಿ ಅದೆಲ್ಲಿಂದ ಬರಬೇಕು!

ಉಳಿದದ್ದು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಡ್ಯೂಕೋ ಎಂಬ ಹೆಸರಿನಲ್ಲಿ ಇದನ್ನು ಕಾರುಗಳಿಗೆ ತಂದಾಗ, ವಾರಗಟ್ಟಲೆ ಹಿಡಿಯುತ್ತಿದ್ದ ಬಣ್ಣದ ಕೆಲಸ ದಿನಗಳಲ್ಲಿ ಮುಗಿಯುವಂತಾಯಿತು. ಆ ಹೆಸರು ನಮ್ಮ ಬಡಗಿಗಳ ಬಾಯಲ್ಲಿ ಇವತ್ತಿಗೂ ಉಳಿದಿದೆ. ಇದು ಕೇವಲ ಥಿನ್ನರ್ ಹಾರಿಹೋಗಿ ಒಣಗುವ ಬಣ್ಣ. ಆದ್ದರಿಂದ ಮೇಲಿನ ಕೋಟು ಕೆಳಗಿನ ಕೋಟಿನೊಳಗೆ ಕರಗಿ ಒಂದಾಗುತ್ತದೆ, ಹನಿಯಾಗಿ ಇಳಿದ ಬಣ್ಣವನ್ನು ಉಜ್ಜಿ ತೆಗೆದು ಅಷ್ಟೇ ಭಾಗಕ್ಕೆ ಮತ್ತೆ ಹೊಡೆಯಬಹುದು. ನೊಣ ಕೂತರೂ, ಗೆರೆ ಬಿದ್ದರೂ ಗಾಬರಿಯಿಲ್ಲ. ಬಿಸಿಲಿಗೆ ಬೇಗ ಮಂಕಾಗುವುದು, ಆಗಾಗ ಪಾಲಿಶ್ ಬೇಡುವುದು, ಪೆಟ್ರೋಲ್ ಚೆಲ್ಲಿದರೆ ಕಲೆಯಾಗುವುದು ಇದರ ದೋಷಗಳು. ಕಾರ್ಬನ್ ಕಾರ್ಟ್ರಿಜ್ ಇರುವ ಒಳ್ಳೆಯ ಮಾಸ್ಕು, ಕನ್ನಡಕ, ಕೈಗವಸು ಇದಕ್ಕೂ ಬೇಕು, ಬಟ್ಟೆಯ ಮಾಸ್ಕಿನಿಂದ ಥಿನ್ನರಿನ ಆವಿ ನಿಲ್ಲದು.

ಮೆಟಾಲಿಕ್ ಬಣ್ಣದ ಆಸೆಯನ್ನು ಮೊದಲ ಗಾಡಿಗೆ ಇಟ್ಟುಕೊಳ್ಳಬೇಡಿ, ಕಪ್ಪು ಬಣ್ಣವನ್ನೂ ಅಷ್ಟೇ: ತಗಡಿನ ಒಂದೊಂದು ಏರುತಗ್ಗನ್ನೂ ಅದು ಎತ್ತಿ ತೋರಿಸುತ್ತದೆ. ಮಾದರಿ ತೋರಿಸಲು ಡಿಕ್ಕಿಯ ಒಳಭಾಗದಂಥ, ಬಿಸಿಲು ಕಾಣದ ತುಣುಕನ್ನು ಆರಿಸಿ. ನಾನು ಪುಣೆಯ ನಾನಾ ಪೇಠೆ ಎಂಬ ಬಡಾವಣೆಯಲ್ಲಿ ಬಿಡಿಭಾಗ ಹುಡುಕುತ್ತ ಹೋದಾಗ ಪೆಟ್ರೋಲ್ ಮುಚ್ಚಳವನ್ನೇ ಚೀಲದಲ್ಲಿಟ್ಟುಕೊಂಡು ಹೋಗಿ, ಬಣ್ಣದಂಗಡಿಯಲ್ಲಿ ಅದಕ್ಕೆ ಹೊಂದಿಸಿಕೊಂಡು ಬಂದೆ. ನನಗೆ ನಾಲ್ಕು ಲೀಟರ್ ಬಣ್ಣ, ಅದರ ಒಂದೂವರೆ ಪಟ್ಟು ಥಿನ್ನರ್ ಹಿಡಿಯಿತು. ಬಣ್ಣವನ್ನು ಒಂದೇ ಸಲ ತಂದು, ಎಲ್ಲ ಡಬ್ಬಿಗಳನ್ನೂ ದೊಡ್ಡ ಪಾತ್ರೆಯಲ್ಲಿ ಕಲಸಿ ಇಟ್ಟುಕೊಂಡರೆ ಬಾಗಿಲು ಒಂದು ಬಣ್ಣ, ಮಡ್‌ಗಾರ್ಡು ಒಂದು ಬಣ್ಣ ಆಗುವುದಿಲ್ಲ.

ತಗಡು ಏನು ಹೇಳುತ್ತದೆ

ಒಂದು ಅಯಸ್ಕಾಂತಕ್ಕೆ ತೆಳುವಾದ ಬಟ್ಟೆ ಸುತ್ತಿ ಗಾಡಿಯ ಮೈಮೇಲೆಲ್ಲ ಆಡಿಸಿ. ಅದು ಹಿಡಿಯದೆ ಜಾರುವ ಕಡೆ ಒಳಗೆ ದಪ್ಪ ಪುಟ್ಟಿಯಿದೆ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಕಮಾನು, ಸ್ಟೆಪ್ನಿಯ ತಳ, ಹೆಡ್‌ಲೈಟಿನ ಸುತ್ತ, ಮುಂಗಾಜಿನ ರಬ್ಬರಿನ ಕೆಳತುದಿ, ಇವು ತುಕ್ಕಿನ ತವರು. ಸ್ಕ್ರೂಡ್ರೈವರಿನಿಂದ ಚುಚ್ಚಿದಾಗ ತೂತು ಬಿದ್ದರೆ ಆ ಭಾಗವನ್ನು ಕತ್ತರಿಸಿ, ಡೆಂಟರನ್ನು ಕರೆಸಿ ಹೊಸ ತಗಡಿನ ತೇಪೆಯನ್ನು ವೆಲ್ಡ್ ಮಾಡಿಸಬೇಕು. ತೂತಿಗೆ ಪುಟ್ಟಿ ತುಂಬುವುದೆಂದರೆ ಒಂದು ಮಳೆಗಾಲದ ಮಟ್ಟಿಗೆ ನಮ್ಮನ್ನೇ ನಾವು ಮೋಸಗೊಳಿಸಿಕೊಂಡಂತೆ, ಏಕೆಂದರೆ ಪುಟ್ಟಿ ಹಿಂದಿನಿಂದ ನೀರು ಹೀರಿ ತಗಡನ್ನು ಒಳಗಿಂದೊಳಗೇ ತಿನ್ನಿಸುತ್ತದೆ. ಮೇಲುಮೇಲಿನ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಕೆರೆದು, ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಾಶಕ ಹಚ್ಚಿ, ತೊಳೆದು, ಚೆನ್ನಾಗಿ ಒಣಗಿಸಬೇಕು.

ಹಳೆಯ ಬಣ್ಣದ ಜಾತಿಯನ್ನು ತಿಳಿಯದೆ ಅದರ ಮೇಲೆ ಎನ್‌ಸಿ ಹೊಡೆಯಬಾರದು. ಥಿನ್ನರಿನಲ್ಲಿ ನೆನೆಸಿದ ಬಟ್ಟೆಯನ್ನು ಮರೆಯಲ್ಲಿರುವ ಒಂದು ಜಾಗದ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿದು ನೋಡಿ. ಬಣ್ಣ ಬಟ್ಟೆಗೆ ಇಳಿದರೆ ಅದು ಎನ್‌ಸಿ, ಏನೂ ಆಗದಿದ್ದರೆ ಪಿಯು ಅಥವಾ ಕಾರ್ಖಾನೆಯಲ್ಲಿ ಬೇಯಿಸಿದ ಬಣ್ಣ, ಹಪ್ಪಳದಂತೆ ಸುಕ್ಕುಗಟ್ಟಿ ಎದ್ದರೆ ಸಿಂಥೆಟಿಕ್ ಎನಾಮೆಲ್. ಈ ಕೊನೆಯದು ಸಿಕ್ಕರೆ ತಗಡಿನವರೆಗೆ ಕಿತ್ತು ತೆಗೆಯುವುದೊಂದೇ ದಾರಿ. ಅಂಗಡಿಯವರು ವಿಶ್ವಾಸದಿಂದ ಕೊಡುವ ಕಬ್ಬಿಣದ ಗೇಟಿನ ರೆಡ್ ಆಕ್ಸೈಡ್ ಕೂಡ ಇದೇ ಜಾತಿಗೆ ಸೇರಿದ್ದು, ಅದರ ಮೇಲೆ ಎನ್‌ಸಿ ಬಿದ್ದರೆ ಅದೂ ಎದ್ದು ಬರುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ನೀರು ಹಾಕಿಯೇ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು, ಆ ಕೆಸರು ಗಿಡದ ಪಾತಿಗೆ ಹೋಗಬಾರದು.

ಬೆಳಗ್ಗೆ ಬಯಲಾದ ತಗಡಿಗೆ ಸಂಜೆಯೊಳಗೆ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಮೊದಲ ಲೇಪ, ಬೀಳಬೇಕು. ಬಿಟ್ಟರೆ ಮರುದಿನ ಕಣ್ಣಿಗೆ ಕಾಣದ ತುಕ್ಕು ಕೂತಿರುತ್ತದೆ. ಬರಿಯ ತಗಡಿಗೆ ನಾನು ಎಪಾಕ್ಸಿ ಪ್ರೈಮರನ್ನು ಆರಿಸಿಕೊಂಡೆ. ಗಟ್ಟಿಯಾದ ಮೇಲೆ ಅದು ಥಿನ್ನರಿಗೆ ಅಳುಕದು, ಮೇಲಿನ ತಪ್ಪುಗಳನ್ನೆಲ್ಲ ಒರೆಸಿ ತೆಗೆದರೂ ಅಡಿಪಾಯ ಉಳಿದಿರುತ್ತದೆ.

ಉಜ್ಜುವ ತಿಂಗಳುಗಳು

ಭೋಸರಿಯ ಗ್ಯಾರೇಜುಗಳಲ್ಲಿ ಮೂವತ್ತು ವರ್ಷ ಬಣ್ಣ ಹೊಡೆದು ಈಗ ಮನೆಯಲ್ಲಿರುವ, ವಿಜಯಪುರ ಕಡೆಯ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ನಾನು ಮೊದಲ ಸಲ ಪುಟ್ಟಿ ಹಚ್ಚಿ, ಉಜ್ಜಿ, ಹೆಮ್ಮೆಯಿಂದ ತೋರಿಸಿದಾಗ ಅವರು ಕಣ್ಣು ಮುಚ್ಚಿಕೊಂಡು ಬಾಗಿಲ ಮೇಲೆ ಅಂಗೈಯನ್ನು ಚಪ್ಪಟೆಯಾಗಿ ಇಟ್ಟು ಉದ್ದಕ್ಕೆ ಎಳೆದರು. "ತಮ್ಮಾ, ಇಲ್ಲಿ ಒಂದು ಕೆರಿ ಐತಿ, ಇಲ್ಲಿ ಒಂದು ಗುಡ್ಡ ಐತಿ. ಕಣ್ಣ ನಂಬಬ್ಯಾಡ, ಕೈ ನಂಬು" ಎಂದರು. ನನ್ನ ಕಣ್ಣಿಗೆ ಅದು ಕನ್ನಡಿಯಂತೆ ಸಮನಾಗಿತ್ತು.

ಪುಟ್ಟಿಗೆ ಪುಣೆ, ಮುಂಬೈಯ ಪೇಂಟರುಗಳು ಲಾಂಬಿ ಎನ್ನುತ್ತಾರೆ. ತಗ್ಗು ತುಂಬಲು ಬೇಕಾದದ್ದು ಹಾರ್ಡನರ್ ಬೆರೆಸುವ ಪಾಲಿಯೆಸ್ಟರ್ ಪುಟ್ಟಿ. ತೂಕದಲ್ಲಿ ನೂರಕ್ಕೆ ಎರಡರಷ್ಟು ಹಾರ್ಡನರ್ ಸಾಕು, ಬಿಸಿಲು ಹೆಚ್ಚಿದ್ದಾಗ ನಾಲ್ಕೈದು ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ಒಮ್ಮೆಗೆ ನಿಂಬೆಹಣ್ಣಿನಷ್ಟು ಮಾತ್ರ ಕಲಸಿಕೊಳ್ಳಬೇಕು. ಟ್ಯೂಬಿನಲ್ಲಿ ಬರುವ ಎನ್‌ಸಿ ಪುಟ್ಟಿ ಸೂಜಿರಂಧ್ರಗಳಿಗೆ ಮಾತ್ರ. ಅದನ್ನು ದಪ್ಪಗೆ ಹಚ್ಚಿದರೆ ವಾರ ಕಳೆದ ಮೇಲೆ ಕುಗ್ಗಿ, ಬಣ್ಣದ ಮೇಲೆ ಗುಳಿ ಬೀಳುತ್ತದೆ. ಡೆಂಟನ್ನು ಮೊದಲು ತಟ್ಟಿ ಎತ್ತಿ, ಮಿಕ್ಕ ಒಂದೆರಡು ಮಿಲಿಮೀಟರಿಗಷ್ಟೇ ಪುಟ್ಟಿ ಹಿಡಿಯಬೇಕು.

80ರ ಉಜ್ಜುಕಾಗದದಿಂದ (ಅಂಕಿ ಏರಿದಷ್ಟೂ ಕಾಗದ ನಯ) ಆಕಾರ ತಂದು, 180ರಿಂದ ಗೆರೆ ತೆಗೆದು, ಸಣ್ಣ ಏರುತಗ್ಗು ಮುಚ್ಚುವ ಎನ್‌ಸಿ ಸರ್ಫೇಸರ್ ಹೊಡೆದ ಮೇಲೆ ಬರುತ್ತದೆ ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಹಂತ. ಬೂದು ಸರ್ಫೇಸರಿನ ಮೇಲೆ ಕಪ್ಪು ಬಣ್ಣವನ್ನು ದೂರದಿಂದ, ಇಬ್ಬನಿಯಂತೆ, ಚುಕ್ಕಿಚುಕ್ಕಿಯಾಗಿ ಹಾರಿಸಿ. ಒಣಗಿದ ಮೇಲೆ 400ರ ವಾಟರ್ ಪೇಪರನ್ನು ರಬ್ಬರಿನ ಅಥವಾ ಮರದ ತುಂಡಿಗೆ ಸುತ್ತಿ, ನೀರು ಬಿಡುತ್ತ, ಓರೆಯಾಗಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಉಜ್ಜಿ. ಕಪ್ಪು ಎಲ್ಲಿ ಉಳಿಯಿತೋ ಅದು ತಗ್ಗು, ತಗಡು ಅಥವಾ ಪುಟ್ಟಿ ಎಲ್ಲಿ ಇಣುಕಿತೋ ಅದು ಏರು. ನನ್ನ ಎಡಬಾಗಿಲಿನ ಹಿಡಿಕೆಯ ಕೆಳಗೆ ತಾಮ್ರದ ಪೈಸೆಯಷ್ಟು ಅಗಲದ ಕಪ್ಪು ಕಲೆ ಮೂರು ಸಲ ಸರ್ಫೇಸರ್ ಕೊಟ್ಟರೂ ಹೋಗಲಿಲ್ಲ, ನಾಲ್ಕನೆಯ ಸಲಕ್ಕೆ ಹೋಯಿತು. ಬೆರಳಿನಿಂದ ಉಜ್ಜಿದರೆ ಆ ಕಲೆ ಮೊದಲ ಸಲವೇ ಹೋಗುತ್ತದೆ, ಆದರೆ ತಗ್ಗು ಅಲ್ಲಿಯೇ ಇರುತ್ತದೆ. ಕೊನೆಗೆ 600ರಿಂದ ಒಂದು ಸುತ್ತು ಉಜ್ಜಿದರೆ ಗಾಡಿ ಬಣ್ಣಕ್ಕೆ ಸಿದ್ಧ.

ಗನ್ ಹಿಡಿಯುವ ದಿನ

ಬಂಪರು, ದೀಪ, ಹಿಡಿಕೆ, ಕ್ರೋಮ್ ಪಟ್ಟಿಗಳನ್ನು ಬಿಚ್ಚಿಡುವುದು ಟೇಪು ಹಚ್ಚುವುದಕ್ಕಿಂತ ಯಾವಾಗಲೂ ಮೇಲು. ಮುಂಗಾಜನ್ನು ತೆಗೆಯುವ ಧೈರ್ಯವಿಲ್ಲದಿದ್ದರೆ ರಬ್ಬರಿನ ಅಂಚಿನ ಕೆಳಗೆ ತೆಳುವಾದ ನೈಲಾನ್ ಹಗ್ಗವನ್ನು ತುರುಕುತ್ತ ಹೋದರೆ ಅಂಚು ಮೇಲೇಳುತ್ತದೆ, ಬಣ್ಣ ಅದರಡಿಗೆ ಹೋಗುತ್ತದೆ. ಮರೆಮಾಡಲು ಕಂದು ಕಾಗದ ಬಳಸಿ. ಹಳೆಯ ಪತ್ರಿಕೆ ಬಳಸಿ ನಾನು ಪೇಚಿಗೆ ಸಿಕ್ಕಿದ್ದೆ: ಥಿನ್ನರ್ ಹೀರಿದ ಹಾಳೆಯ ಮಸಿ ಇಳಿದು, ಮರಾಠಿ ಶೀರ್ಷಿಕೆಯೊಂದು ಬಾಗಿಲಿನ ಕೆನೆಬಣ್ಣದ ಮೇಲೆ ತಲೆಕೆಳಗಾಗಿ ಅಚ್ಚಾಗಿತ್ತು.

ಮೈಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಜಿಡ್ಡು ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಿಂದ ಹಚ್ಚಿ ಅದು ಆರುವ ಮೊದಲೇ ಇನ್ನೊಂದು ಬಟ್ಟೆಯಿಂದ ಒರೆಸಬೇಕು. ಡ್ಯಾಶ್‌ಬೋರ್ಡಿಗೆ, ಟೈರಿಗೆ ಹಚ್ಚುವ ಪಾಲಿಶಿನಲ್ಲಿರುವ ಸಿಲಿಕೋನ್ ಒಂದು ಕಣ ಉಳಿದರೂ ಬಣ್ಣ ಅಲ್ಲಿ ಮೀನಿನ ಕಣ್ಣಿನಂತೆ ದುಂಡಗೆ ಬಿಟ್ಟುಕೊಳ್ಳುತ್ತದೆ. ತಲೆಗೆ ಕೊಬ್ಬರಿಎಣ್ಣೆ ಹಚ್ಚಿಕೊಂಡ ಕೈಯಿಂದ ತಗಡು ಮುಟ್ಟಬಾರದೆಂದು ಮನೆಯವರಿಗೂ ಹೇಳಿಡಿ.

ಬಣ್ಣಕ್ಕೆ 1.3 ಅಥವಾ 1.4 ಮಿ.ಮೀ. ನಾಜಲ್, ಸರ್ಫೇಸರಿಗೆ 1.6ರಿಂದ 1.8 ಮಿ.ಮೀ. ಬೇಕು. ಎರಡು ಅಶ್ವಶಕ್ತಿಗಿಂತ ಸಣ್ಣ ಕಂಪ್ರೆಸರ್ ಛಾವಣಿಯ ಅರ್ಧದಲ್ಲಿಯೇ ದಣಿಯುತ್ತದೆ, ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲೇಸು. ಗಾಳಿ ಪೈಪಿನಲ್ಲಿ ತಣಿದ ಮೇಲಷ್ಟೇ ಅದರ ನೀರು ಬೇರೆಯಾಗುವುದರಿಂದ ನೀರು ಹಿಡಿಯುವ ಫಿಲ್ಟರನ್ನು ಕಂಪ್ರೆಸರಿನ ಪಕ್ಕದಲ್ಲಲ್ಲ, ಪೈಪಿನ ಗನ್ ಕಡೆಯ ತುದಿಗೆ ಹಾಕಬೇಕು. ಎಷ್ಟು ತೆಳುವಾಗಿಸಬೇಕೆಂಬುದನ್ನು ಡಬ್ಬಿಯ ಮೇಲೆ ನೋಡಿಕೊಂಡು, ಮೊದಲು ಹಳೆಯ ತಗಡಿನ ಹಾಳೆಯೊಂದರ ಮೇಲೆ ಕೈ ಪಳಗಿಸಿ.

ಗನ್ನನ್ನು ತಗಡಿನಿಂದ ಒಂದು ಗೇಣಿಗಿಂತ ತುಸು ಕಡಿಮೆ ದೂರದಲ್ಲಿ, ನೇರವಾಗಿ ಹಿಡಿದು, ಮಣಿಕಟ್ಟನ್ನು ತಿರುಗಿಸದೆ ಇಡೀ ತೋಳನ್ನೇ ಸರಿಸುತ್ತ, ಪ್ರತಿ ಪಟ್ಟಿಯೂ ಹಿಂದಿನ ಪಟ್ಟಿಯ ಅರ್ಧವನ್ನು ಮುಚ್ಚುವಂತೆ ಹೊಡೆಯಬೇಕು. ಟ್ರಿಗರನ್ನು ತಗಡಿನ ಅಂಚಿಗಿಂತ ಮೊದಲೇ ಒತ್ತಿ, ಅಂಚು ದಾಟಿದ ಮೇಲೆ ಬಿಡಬೇಕು. ಬಾಗಿಲ ಒಳಅಂಚುಗಳು ಮೊದಲು, ಆಮೇಲೆ ಛಾವಣಿ, ನಂತರ ಉಳಿದವು. ಮೊದಲ ಕೋಟು ತೆಳುವಾಗಿರಲಿ, ಆಮೇಲೆ ಹತ್ತು ಹದಿನೈದು ನಿಮಿಷಗಳ ಅಂತರದಲ್ಲಿ ನಾಲ್ಕೈದು ತುಂಬು ಕೋಟುಗಳು.

ಗಡಿಯಾರದ ಮಾತು ನಾನು ಒಮ್ಮೆ ಮೀರಿದೆ. ಬಾನೆಟ್ಟೊಂದು ಉಳಿದಿದೆ, ಮುಗಿಸಿಯೇಬಿಡೋಣ ಎಂದು ಒಂದು ಸಂಜೆ ಆರು ಗಂಟೆಯ ಹೊತ್ತಿಗೆ ಗನ್ ಎತ್ತಿದೆ. ಹತ್ತು ನಿಮಿಷದಲ್ಲಿ ಬಾನೆಟ್ಟಿನ ಮೇಲೆ ಕಾಯಿಸಿದ ಹಾಲಿನ ಕೆನೆಯಂತೆ ಬಿಳಿಪೊರೆ ಕಟ್ಟಿತು. ಥಿನ್ನರ್ ಹಾರುವಾಗ ತಗಡಿನ ಶಾಖವನ್ನು ಎಳೆದುಕೊಳ್ಳುತ್ತದೆ, ತಣಿದ ಬಣ್ಣದ ಮೇಲೆ ಗಾಳಿಯ ತೇವ ಕೂರುತ್ತದೆ. ಗನ್ ತೊಳೆಯಲು ಇಡುವ ಅಗ್ಗದ ಥಿನ್ನರಾದರೆ ಇನ್ನೂ ಬೇಗ. ಫೋನಿನಲ್ಲಿ ಕಾಕಾ ನಕ್ಕರು: "ಅಳಬ್ಯಾಡೋ. ನಾಳಿ ಬಿಸಲ ಏರಲಿ, ರಿಟಾರ್ಡರ್ ಹಾಕಿ ಬರೇ ಥಿನ್ನರ್ ಹೊಡಿ, ತಾನ ಹೋಗ್ತದ." ಮರುದಿನ ಹನ್ನೊಂದು ಗಂಟೆಗೆ ಒಳ್ಳೆಯ ಥಿನ್ನರಿಗೆ, ಅದು ಹಾರುವುದನ್ನು ನಿಧಾನಿಸುವ ರಿಟಾರ್ಡರನ್ನು ತುಸು ಬೆರೆಸಿ ತೆಳುವಾಗಿ ಹಾರಿಸಿದೆ, ಪೊರೆ ಕರಗಿ, ಒಳಗಿನ ಬಣ್ಣ ಹಾಗೆಯೇ ಹೊರಬಂತು. ಪಿಯು ಆಗಿದ್ದರೆ ಇಡೀ ಬಾನೆಟ್ಟನ್ನು ಮತ್ತೆ ಉಜ್ಜಬೇಕಾಗುತ್ತಿತ್ತು.

ಥಿನ್ನರಿನ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ನೀರು ತುಂಬಿದ ಕಬ್ಬಿಣದ ಬಕೆಟ್ಟಿಗೆ ಹಾಕಿ. ನೆಲದ ಮೇಲೆ ಬಿದ್ದ ಎನ್‌ಸಿಯ ಒಣಪುಡಿಯನ್ನೂ ಅಂದಂದೇ ಒದ್ದೆ ಮಾಡಿ ಗುಡಿಸಿ ತೆಗೆಯಿರಿ, ಅದು ಸಿಡಿಮದ್ದಿನ ಹತ್ತಿರದ ಸಂಬಂಧಿ.

ಹೊಳಪು

ಗನ್ನಿನಿಂದ ಬಂದ ಎನ್‌ಸಿ ಮಂಕಾಗಿ, ಕಿತ್ತಳೆ ಸಿಪ್ಪೆಯಂತೆ ಕಂಡರೆ ನಿರಾಶರಾಗಬೇಡಿ, ಅದರ ಹೊಳಪು ಇರುವುದೇ ಉಜ್ಜುವುದರಲ್ಲಿ. ಎರಡು ಮೂರು ವಾರ ಬಿಟ್ಟು, ಬಣ್ಣ ಕುಗ್ಗುವಷ್ಟು ಕುಗ್ಗಿದ ಮೇಲೆ, ಅಂಚುಗಳಿಗೆ ಟೇಪು ಹಚ್ಚಿ, ಸೋಪಿನ ನೀರಿನಲ್ಲಿ 1000, 1500, 2000ರ ವಾಟರ್ ಪೇಪರುಗಳನ್ನು ಒಂದರ ನಂತರ ಒಂದು ಬಳಸಿ, ಆಮೇಲೆ ರಬ್ಬಿಂಗ್ ಕಾಂಪೌಂಡ್, ಕೊನೆಗೆ ಪಾಲಿಶ್. ಯಂತ್ರ ಬಳಸುವವರು ಅಂಚಿನ ಹತ್ತಿರ ಕೈಯಿಂದಲೇ ಉಜ್ಜಬೇಕು, ಅಲ್ಲಿ ಬಣ್ಣ ತೆಳುವಾಗಿರುತ್ತದೆ. ವ್ಯಾಕ್ಸನ್ನು ಎರಡು ಮೂರು ತಿಂಗಳು ಹಚ್ಚದಿರುವುದು ಒಳ್ಳೆಯದು, ಒಳಗೆ ಉಳಿದ ಥಿನ್ನರ್ ಹೊರಹೋಗಲು ದಾರಿ ಬೇಕು.

ಉಳಿದ ಬಣ್ಣವನ್ನು ಸಣ್ಣ ಗಾಜಿನ ಸೀಸೆಗೆ ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬಣ್ಣದ ಹೆಸರು, ಬೆರೆಸಿದ ತಾರೀಖು, ಅಂಗಡಿಯ ಚೀಟಿ ಅಂಟಿಸಿ, ಅಡಿಗೆಮನೆಯಿಂದ ದೂರದ ತಂಪು ಜಾಗದಲ್ಲಿಡಿ. ಮೊದಲ ಗೀರು ಬೀಳುವ ದಿನ ಅದನ್ನೇ ಹುಡುಕುತ್ತೀರಿ.